ಹೊನ್ನು ಇಳಿಯುವ ಹೊತ್ತು

ಹಾಚಿನೊಹೆ ಬಂದರಿನಲ್ಲಿ ಬೊಂಡಾಸ ಸೀಳಿ ಒಣಹಾಕುವವಳು.
ವಯಸ್ಸು ಐವತ್ತೆಂಟು. ಹೆಸರು ತೊಮೆ:
ನಿಲ್ಲಿಸು, ಇನ್ನು ಸಾಕು, ಎಂದು
ಆರನೆಯ ಹೆಣ್ಣಿಗೆ ಅಪ್ಪ ಇಟ್ಟದ್ದು.

ಪೊರೆ ಬಂದದ್ದು ಗಂಡನಿಗೆ. ಇವಳು ಜೊತೆಗೆ ಬಂದವಳು.
ಬೆಂಚಿನ ಮೇಲೆ ಸುಮ್ಮನೆ ಕೂತಿದ್ದವಳನ್ನು
ಡಾಕ್ಟರ್ ಶಿಬುತಾನಿ, ಇನ್ನೂ ಹುಡುಗ,
"ಬನ್ನಿ, ನಿಮ್ಮದನ್ನೂ ನೋಡಿಬಿಡೋಣ" ಅಂದ.
ನೋಡಿದ. ಮತ್ತೆ ನೋಡಿದ. ಮಸೂರ ಒರೆಸಿಕೊಂಡು ನೋಡಿದ.
ನನ್ನ ಕಿವಿಯಲ್ಲಿ ಉಸುರಿದ:
ಈಕೆಯ ಕಣ್ಣಿನ ತಳದಲ್ಲಿ ಚಿನ್ನವಿದೆ.

ನಾನೂ ಬಗ್ಗಿದೆ. ಇತ್ತು.
ಕೆಂಪಿರಬೇಕಾದ ನೆಲದ ಉದ್ದಕ್ಕೂ
ಹುಣಿಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆಯ ಹೊಳಪು.

"ಇರುಳು ಕಾಣುತ್ತದೆಯೆ?"
ಅವಳು ನಕ್ಕಳು. ಬಾಯಿಗೆ ಅಡ್ಡ ಹಿಡಿದ ಕೈ
ಉಪ್ಪು ತಿಂದು ಬಿರಿದಿತ್ತು.
"ಹಕ್ಕಿಗಣ್ಣು ಅನ್ನುತ್ತಾರೆ ನಮ್ಮ ಕಡೆ.
ಅಪ್ಪ ಅಮ್ಮ ಒಂದೇ ಅಜ್ಜನ ಮೊಮ್ಮಕ್ಕಳು.
ಅಜ್ಜಿ ಹಾವುಮೀನಿನ ಈಲಿ ತಿನ್ನಿಸಿ ತಿನ್ನಿಸಿ ಸೋತಳು.
ಮದುವೆಯ ರಾತ್ರಿ ಬಚ್ಚಲಿಗೆಂದು ಎದ್ದವಳು
ಮಲಗಿದ್ದ ಅತ್ತೆಯ ಮೇಲೆ ಬಿದ್ದೆ. ಬೇಕೆಂದೇ ಬಿದ್ದಳು ಅಂದರು.
ಆದರೆ ಡಾಕ್ಟರೆ, ಕಾಯ್ದರೆ ಕಾಣುತ್ತದೆ.
ಅಷ್ಟು ಹೊತ್ತು ಯಾರು ಕಾಯುತ್ತಾರೆ?"

ಯುದ್ಧದ ಕೊನೆಯ ಬೇಸಿಗೆ, ಆಗವಳಿಗೆ ಹದಿನೇಳು.
ಗುಡ್ಡ ಕೊರೆದ ಬಿಲದಲ್ಲಿ ಕೇರಿಯೆಲ್ಲ ಅವಿತಿತ್ತು,
ಮೇಲೆ ವಿಮಾನ, ಒಳಗೆ ದೀಪ ಹಚ್ಚುವಂತಿಲ್ಲ.
ಉಳಿದವರ ಕಣ್ಣು ಬೇಗನೆ ಪಳಗಿತು, ಇವಳದಿಲ್ಲ.
ಬೆಳಗಿನ ಜಾವದ ಹೊತ್ತಿಗೆ
ಒಂದೊಂದಾಗಿ ಬಂದವಂತೆ:
ಅಮ್ಮನ ಮೂಗು, ಅಕ್ಕನ ಜಡೆ,
ಕಲ್ಲಿನಿಂದ ಬೀಳಲೋ ಬೇಡವೋ ಅನ್ನುವ ಹನಿ.
ಮುಖ ಎಣಿಸುತ್ತ ಹೋದಳು. ಹದಿನಾಲ್ಕಕ್ಕೆ ಬಂದಾಗ
ಯಾರೋ ಮುದುಕ ಸಿಗರೇಟಿಗೆ ಕಡ್ಡಿ ಗೀರಿದ.
ಅಷ್ಟೆ.
ಹದಿನೈದನೆಯ ಮುಖ ಯಾರದು
ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಪುಸ್ತಕ ಮೂರು ಗಂಟೆ ಅನ್ನುತ್ತದೆ, ಅಂದ ಡಾಕ್ಟರ್,
ಚಿತ್ರದಲ್ಲಷ್ಟೆ ಈ ರೋಗ ಕಂಡವನು.
ಎಕ್ಸ್‌ರೇ ತೊಳೆಯುವ ಕೋಣೆ ಖಾಲಿ ಮಾಡಿಸಿ
ಬಾಗಿಲ ಸಂದಿಗೆ ಕಂಬಳಿ ತುರುಕಿದೆವು.
ಎಲ್ಲೋ ಕೂದಲೆಳೆಯಷ್ಟು ಬಿರುಕು ಉಳಿದಿತ್ತು.
ರೋಗಿಯನ್ನು ಒಂಟಿ ಬಿಡುವಂತಿಲ್ಲ. ನಾನೂ ಕೂತೆ.

ನನಗೆ ಅರ್ಧ ಗಂಟೆ ಸಾಕಾಯಿತು:
ನಲ್ಲಿ, ತಟ್ಟೆ, ಅವಳ ಮೊಣಕಾಲು.
ಆಮೇಲೆ ಮಾಡುವುದೇನು? ಅವಳನ್ನೇ ನೋಡಿದೆ.
ನೋಡುತ್ತಿದ್ದೇನೆಂದು ತಿಳಿಯದವಳನ್ನು ನೋಡುವುದು
ಜೇಬಿಗೆ ಕೈಹಾಕಿದ ಹಾಗಿತ್ತು.
ಅವಳು ಬೊಂಡಾಸದ ಬೆಲೆ ಹೇಳಿದಳು,
ಗಂಡನ ದೋಣಿಯ ನಲವತ್ತು ಬಲ್ಬುಗಳ ಸುದ್ದಿ ಹೇಳಿದಳು,
"ಕಡಲ ಕಣ್ಣು ಕುಕ್ಕಿ ಮೀನು ಹಿಡಿಯುತ್ತಾರೆ, ಪಾಪ."
ಆಮೇಲೆ ಮಾತು ತೀರಿತು. ಯಾವುದೋ ಪೈಪಿನಲ್ಲಿ ನೀರು ಹರಿದು ನಿಂತಿತು.
ನನಗೆ ತೂಕಡಿಕೆ.

"ಮಗೂ, ನಿನ್ನ ಎಡಗಾಲಿನ ಕಾಲುಚೀಲ
ಹೆಬ್ಬೆರಳ ಹತ್ತಿರ ತೂತಾಗಿದೆ."

ಕಾಲನ್ನು ಸರಕ್ಕನೆ ಒಳಗೆಳೆದುಕೊಂಡೆ.

ಡಾಕ್ಟರ್ ಬಂದು ಕತ್ತಲಲ್ಲೇ ತಡವರಿಸಿದ, ಕೈಯಲ್ಲಿ ಆರಿಸಿದ ದೀಪ.
ಹೊನ್ನು ಹೋಗಿದೆಯೆಂದು ನೋಡಲು ಬೆಳಕು ಬೇಕು,
ಬೆಳಕು ಬಿದ್ದರೆ ಹೊನ್ನು ಮರಳುತ್ತದೆ.
"ತಡಿ" ಅಂದಳು ತೊಮೆ.
ಕೋಣೆಯನ್ನು ಸುತ್ತ ಒಮ್ಮೆ ನೋಡಿದಳು,
ಅವನನ್ನು, ನನ್ನನ್ನು.
ಎಣಿಸುವವರ ಹಾಗೆ ತುಟಿ ಅಲುಗಿತು.
"ಹೂಂ, ಈಗ ಹಚ್ಚು."

"ಇಲ್ಲ! ಚಿನ್ನ ಇಲ್ಲ! ಕೆಂಪು, ಎಲ್ಲರ ಹಾಗೆ!"
ಲಾಟರಿ ಹೊಡೆದವನಂತೆ ಕೂಗಿದ ಹುಡುಗ.
ಅವಳ ಪಾಲಿಗೆ ಕೋಣೆ ಆಗಲೇ ಮುಚ್ಚಿತ್ತು.

ಕಾಗದದಲ್ಲಿ ಬರೆದೆವು. ರೋಗ: ಒಗುಚಿ.
ಚಿಕಿತ್ಸೆ ಅನ್ನುವಲ್ಲಿ ಒಂದು ಗೀಟು.
"ಕಾಯ್ದರೆ ಕಾಣುತ್ತದೆ ಅಂತಲೂ ಬರಿ,
ಮೇಲೆ ಆಸ್ಪತ್ರೆಯ ಮೊಹರು ಒತ್ತು," ಅಂದಳು ನನಗೆ.
"ಅತ್ತೆ ಇನ್ನೂ ಇದ್ದಾಳೆ. ತೊಂಬತ್ತೊಂದು.
ಇವತ್ತೇ ಓದಿ ಹೇಳಬೇಕು."